ಮೆರವಣಿಗೆ ಕಾರು ರೇಸಿಗೆ ಹೋದದ್ದು

1979ರ ಹೊತ್ತಿಗೆ ತುಮಕೂರಿನಲ್ಲಿ ನಾನು ಸ್ವಂತ ಗ್ಯಾರೇಜು ತೆರೆದು ಒಂಬತ್ತು ವರ್ಷವಾಗಿತ್ತು. ಗ್ಯಾರೇಜು ಅಂದರೆ ತಗಡಿನ ಶೆಡ್ಡು, ಇಂಜಿನ್ ಎತ್ತಲು ಒಂದು ಚೈನ್ ಬ್ಲಾಕು, ಇಬ್ಬರು ಕೆಲಸಗಾರರು, ಮತ್ತು ನನ್ನ ಸಿಟ್ಟು. ಸಿಟ್ಟಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ಪ್ರಸಂಗ ಶುರುವಾದದ್ದೇ ಅದರಿಂದ. ಇಂಜಿನ್ ಚೆನ್ನಾಗಿದೆ ಎಂದು ನಾನು ಹೇಳಿದ ಮೇಲೆ ಯಾರಾದರೂ ಇಲ್ಲ ಎಂದರೆ ಆ ದಿನ ನನಗೆ ಊಟ ಸೇರುತ್ತಿರಲಿಲ್ಲ. ರಹಮತ್ ಮೇಸ್ತ್ರಿ ಕೆಲಸ ಚೆನ್ನ, ಬಾಯಿ ಜೋರು ಎಂದು ಪೇಟೆಯಲ್ಲೆಲ್ಲ ಹೇಳುತ್ತಿದ್ದರು. ಎರಡೂ ನಿಜ.

ಗುಬ್ಬಿಯ ಕೊಬ್ಬರಿ ವ್ಯಾಪಾರಿ ಶಿವಲಿಂಗಪ್ಪನವರ ಹತ್ತಿರ ಒಂದು ಅಮೆರಿಕನ್ ಕಾರಿತ್ತು. ಹತ್ತು ವರ್ಷದ ಹಿಂದೆ ಬೆಂಗಳೂರಿನ ಯಾರೋ ದೊಡ್ಡವರಿಂದ ಕೊಂಡದ್ದು. ಕೆಂಪು ಬಣ್ಣ, ಎರಡೇ ಬಾಗಿಲು, ಒಬ್ಬರು ಕಾಲು ಚಾಚಿ ಮಲಗುವಷ್ಟು ದೊಡ್ಡ ಬಾನೆಟ್ಟು. ಸ್ಟೀರಿಂಗ್ ಎಡಕ್ಕಿದ್ದುದರಿಂದ ಹಿಂದೆ ‘ಲೆಫ್ಟ್ ಹ್ಯಾಂಡ್ ಡ್ರೈವ್’ ಎಂದು ಬರೆಸಿದ್ದರು. ಒಳಗಿದ್ದದ್ದು ವಿ-8 ಇಂಜಿನ್, ಅಂದರೆ ನಾಲ್ಕು ನಾಲ್ಕರಂತೆ ಎರಡು ಸಾಲಿನಲ್ಲಿ ಎಂಟು ಸಿಲಿಂಡರು. ಗಾಡಿಗೆ ಬೇಕಾದ್ದಕ್ಕಿಂತ ದೊಡ್ಡ ಇಂಜಿನ್ ಕೂರಿಸಿ ಓಟಕ್ಕೆಂದೇ ಮಾಡಿದ ಇಂಥದ್ದಕ್ಕೆ ಅವರ ದೇಶದಲ್ಲಿ ಮಸಲ್ ಕಾರ್ ಎನ್ನುತ್ತಾರಂತೆ. ಗುಬ್ಬಿಯಲ್ಲಿ ಅದನ್ನು ಮದುವೆ ಕಾರು ಎನ್ನುತ್ತಿದ್ದರು.

ಸಾಹುಕಾರರು ಅದನ್ನು ಮದುವೆ ಮೆರವಣಿಗೆಗೆ ಬಿಟ್ಟು ಬೇರೆ ಯಾವುದಕ್ಕೂ ಹೊರಗೆ ತೆಗೆಸುತ್ತಿರಲಿಲ್ಲ. ನೆಂಟರಿಷ್ಟರು ಯಾರು ಕೇಳಿದರೂ ಕಳಿಸುತ್ತಿದ್ದರು. ತಾವು ಮಾತ್ರ ಒಂದು ದಿನವೂ ಅದರಲ್ಲಿ ಕೂತವರಲ್ಲ. ತುಮಕೂರಿಗೆ ಬರಬೇಕಾದರೆ ಬಸ್ಸು. ಯಾಕೆಂದು ಕೇಳಿದರೆ, “ಅದು ಮದುಮಕ್ಳು ಕೂರೋ ಗಾಡಿ ಕಣಯ್ಯ, ನನಗ್ಯಾಕೆ?” ಎನ್ನುತ್ತಿದ್ದರು.

ಓಡಿಸುತ್ತಿದ್ದವನು ಹೆಬ್ಬೂರಿನ ರುದ್ರಣ್ಣ, ನನ್ನ ಓರಗೆಯವನು. ಹತ್ತು ವರ್ಷ ಅವನು ಆ ಕಾರನ್ನು ಬ್ಯಾಂಡ್ ಸೆಟ್ಟಿನ ಹಿಂದೆ ಫಸ್ಟ್ ಗೇರಿನಲ್ಲಿ, ಅರ್ಧ ಕ್ಲಚ್ ಒತ್ತಿಕೊಂಡು, ನಡಿಗೆಯ ವೇಗದಲ್ಲಿ ಓಡಿಸಿದ್ದ. ಊರಿಂದೂರಿಗೆ ಹೋಗುವಾಗಲೂ ಎರಡನೇ ಗೇರು ದಾಟುತ್ತಿರಲಿಲ್ಲ. ಸುತ್ತ ಎಷ್ಟೇ ಜನ ಮುತ್ತಿಕೊಂಡಿದ್ದರೂ ಯಾರ ಸೆರಗಿಗೂ ಗಾಡಿ ತಾಗಿಸಿದವನಲ್ಲ. ಆದರೆ ಪ್ರತಿ ಮದುವೆ ಸೀಸನ್ನಿಗೂ ಒಂದು ಕ್ಲಚ್ ಪ್ಲೇಟು ಸುಟ್ಟುಕೊಂಡು ನನ್ನ ಹತ್ತಿರ ಬರುತ್ತಿದ್ದ. ನಾನು ಹಳೇ ಪ್ಲೇಟಿಗೆ ಹೊಸ ಲೈನಿಂಗ್ ರಿವೆಟ್ ಹೊಡೆದು, ಅವನಿಗೆ ಎರಡು ಮಾತು ಬೈದು ಕಳಿಸುತ್ತಿದ್ದೆ.

ಆ ವರ್ಷ ಗಾಡಿ ಕಪ್ಪು ಹೊಗೆ ಉಗುಳತೊಡಗಿತು. ಇಂಜಿನ್ ನಡುನಡುವೆ ತಡವರಿಸುವ ಮಿಸ್ಸಿಂಗು, ರೇಡಿಯೇಟರ್ ಕುದಿಯುವುದು, ಎಲ್ಲ ಶುರುವಾಯಿತು. ಒಂದು ಮೆರವಣಿಗೆಯಲ್ಲಂತೂ ಬೀಗರ ಬಿಳಿ ಪಂಚೆಗಳೆಲ್ಲ ಮಸಿಯಾದವು. ಸಾಹುಕಾರರಿಗೆ ಅವಮಾನ. ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಇಂಜಿನ್ ಕೂರಿಸುವುದು ಆ ಕಾಲದಲ್ಲಿ ಎಲ್ಲ ಕಡೆ ನಡೆಯುತ್ತಿತ್ತು. ಅವರೂ ಒಂದು ಹಳೇ ವ್ಯಾನಿನ ಡೀಸೆಲ್ ಇಂಜಿನ್ ಕೊಂಡು ನನ್ನ ಶೆಡ್ಡಿನಲ್ಲಿ ಇಳಿಸಿಯೇ ಬಿಟ್ಟರು. ವಿ-8 ಬಿಚ್ಚಿ ಗುಜರಿಗೆ ಹಾಕಬೇಕಂತೆ. ಅದನ್ನು ನಾನೇ ಮಾಡಬೇಕಂತೆ.

ನಾನು ಒಪ್ಪಲಿಲ್ಲ. ಆ ಇಂಜಿನ್ನನ್ನು ನಾನು ಕಿವಿಯಿಂದ ಬಲ್ಲೆ. ಅದಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ದೊಡ್ಡ ಇಂಜಿನ್ನನ್ನು ಹತ್ತು ವರ್ಷ ಬರೀ ನಡೆಸಿದರೆ ಪೆಟ್ರೋಲು ಪೂರ್ತಿ ಉರಿಯದೆ ಒಳಗೆಲ್ಲ ಮಸಿ ಕಟ್ಟುತ್ತದೆ, ಪ್ಲಗ್ಗಿನ ಬಾಯಿ ಮುಚ್ಚಿಹೋಗುತ್ತದೆ. ಓಡಿಸಿದರೆ ಸರಿಹೋಗುತ್ತದೆ. ಇದನ್ನು ಸಾಹುಕಾರರಿಗೆ ಮೂರು ದಿನ ಬಿಡಿಸಿ ಬಿಡಿಸಿ ಹೇಳಿದೆ, ಕೊನೆಗೆ ಕೂಗಾಡಿದೆ.

“ಎಲ್ಲಾ ಮೇಸ್ತ್ರಿಗಳೂ ಹಿಂಗೇ ಹೇಳೋದು” ಎಂದರು ಅವರು, ಅಡಿಕೆ ಜಗಿಯುತ್ತ.

ಆ ವಾರವೇ ಬೆಂಗಳೂರಿನ ಕೆಲವು ಹವ್ಯಾಸಿಗಳು ನಮ್ಮೂರ ಹೊರಗಿನ ಮೈದಾನದಲ್ಲಿ ಆಟೋಕ್ರಾಸ್ ನಡೆಸುತ್ತಾರೆಂಬ ಸುದ್ದಿ ಬಂತು. ಮಣ್ಣಿನ ಮೈದಾನದಲ್ಲಿ ಅಲ್ಲಲ್ಲಿ ಟೋಪಿಯಾಕಾರದ ಕೋನ್ ಇಟ್ಟು ದಾರಿ ಮಾಡಿರುತ್ತಾರೆ. ಒಂದೊಂದೇ ಕಾರು ಅದರ ನಡುವೆ ಹಾದು ಬರಬೇಕು, ಕಡಿಮೆ ಹೊತ್ತು ತೆಗೆದುಕೊಂಡವರಿಗೆ ಗೆಲುವು. ಕೋನಿಗೆ ತಾಗಿದರೆ ಐದು ಸೆಕೆಂಡು ದಂಡ. ನಾನು ಹಿಂದೆ ಮುಂದೆ ನೋಡದೆ ಹೇಳಿಬಿಟ್ಟೆ: “ಇದೇ ಇಂಜಿನ್ನಲ್ಲಿ ಅಲ್ಲಿ ಕಪ್ ಗೆದ್ದು ತಂದ್ರೆ?”

“ತಗಂಬಾ. ಇಂಜಿನ್ ಮುಟ್ಟಲ್ಲ. ತರ್ಲಿಲ್ವೋ, ಮಾರನೇ ದಿನ ಇಳಿಸ್ಬೇಕು. ಆಮೇಲೆ ಬಾಯಿ ಬಿಡಂಗಿಲ್ಲ.”

ಸ್ಪರ್ಧೆಗೆ ಇನ್ನೂ ಆರು ವಾರವಿತ್ತು. ಎಂಟೂ ಪ್ಲಗ್ ಬದಲಾಯಿಸಿದೆ, ಕಾರ್ಬುರೇಟರ್ ಬಿಚ್ಚಿ ತೊಳೆದೆ. ಗಾಡಿಯ ಭಾರವೆಲ್ಲ ಮೂತಿಯಲ್ಲಿ. ಹಿಂದಿನ ಚಕ್ರಗಳು ಮಣ್ಣಿನಲ್ಲಿ ಹಿಡಿತವೇ ಸಿಗದೆ ಇದ್ದಲ್ಲೇ ಸುತ್ತುತ್ತಿದ್ದವು. ಹಾಗಾಗಿ ಡಿಕ್ಕಿಯಲ್ಲಿ ಎರಡು ಮರಳಿನ ಮೂಟೆ ಹಾಕಿದೆ, ಹಿಂದಿನ ಟೈರುಗಳ ಗಾಳಿ ಇಳಿಸಿದೆ. ಮುಂದಿದ್ದ ನಾಲ್ಕು ಹಾರ್ನ್, ಹೂವಿನ ಹಾರ ಕಟ್ಟುವ ಕಬ್ಬಿಣದ ಚೌಕಟ್ಟು ಕಿತ್ತು ಹಾಕಿದೆ. ಚೌಕಟ್ಟು ಕೀಳುವಾಗ ರುದ್ರಣ್ಣ ಮುಖ ಆಚೆ ತಿರುಗಿಸಿಕೊಂಡು ನಿಂತಿದ್ದ.

ಓಡಿಸುವವನು ನಾನೇ ಎಂದುಕೊಂಡಿದ್ದೆ. ಒಣಗಿದ ಕೆರೆಯಂಗಳದಲ್ಲಿ ಹನ್ನೆರಡು ಎಣ್ಣೆ ಡಬ್ಬ ನಿಲ್ಲಿಸಿ ಅಭ್ಯಾಸಕ್ಕೆ ಹೊರಟೆ. ಏಳು ಡಬ್ಬ ಅಪ್ಪಚ್ಚಿ. ಮತ್ತೆ ಹೋದೆ, ಒಂಬತ್ತು. ಆಮೇಲೆ ರುದ್ರಣ್ಣ ಕೂತ. ಒಂದೇ ಒಂದು ಡಬ್ಬವೂ ಅಲ್ಲಾಡಲಿಲ್ಲ, ಆದರೆ ಸುತ್ತು ಮುಗಿಸಲು ನಾಲ್ಕು ನಿಮಿಷ ತೆಗೆದುಕೊಂಡ. ಗಾಡಿಯ ನಾಲ್ಕು ಮೂಲೆ ಎಲ್ಲೆಲ್ಲಿವೆ ಎಂದು ಅವನಿಗೆ ಅಂಗುಲದ ಲೆಕ್ಕದಲ್ಲಿ ಗೊತ್ತಿತ್ತು. ನಾನು ಪಕ್ಕದಲ್ಲಿ ಕೂತು ದಿನಾ ಕಿರುಚಿದೆ, ಬೈದೆ, ದಮ್ಮಯ್ಯ ಅಂದೆ. ಐದನೇ ವಾರದ ಕೊನೆಗೆ ನಾಲ್ಕು ನಿಮಿಷ ಒಂದೂವರೆ ನಿಮಿಷಕ್ಕೆ ಇಳಿಯಿತು. ಅವನಿಗೂ ರುಚಿ ಹತ್ತಿತು. “ಮೇಸ್ತ್ರಿ, ಇದ್ಕೆ ಮೂರ್ನೇ ಗೇರೂ ಐತೆ ಅಂತ ನಂಗೊತ್ತೇ ಇರ್ಲಿಲ್ಲ” ಎಂದ ಒಂದು ದಿನ. 

ಸ್ಪರ್ಧೆ ಒಂದು ಭಾನುವಾರ. ಬಂದಿದ್ದ ಗಾಡಿಗಳೆಲ್ಲ ಅಂಬಾಸಿಡರ್, ಹೆರಾಲ್ಡ್, ಜೀಪು. ಇಂಜಿನ್ನಿನ ಗಾತ್ರಕ್ಕೆ ತಕ್ಕಂತೆ ವರ್ಗ, ಒಂದೊಂದು ವರ್ಗಕ್ಕೂ ಒಂದು ಕಪ್. ದೊಡ್ಡ ಇಂಜಿನ್ನಿನ ವರ್ಗದಲ್ಲಿ ನಮ್ಮದೊಂದೇ ಕಾರು. ಒಬ್ಬರೇ ಇದ್ದರೆ ಕಪ್ ಪುಕ್ಕಟೆ ಸಿಗುವುದಿಲ್ಲ, ತೊಂಬತ್ತು ಸೆಕೆಂಡಿನೊಳಗೆ ಮುಗಿಸಿದರೆ ಮಾತ್ರ ಎಂದರು ಸ್ಟೀವರ್ಡ್. ಅವರು ಆ ದಿನದ ತೀರ್ಪುಗಾರರು, ಹ್ಯಾಟು ಹಾಕಿದ ಬೆಂಗಳೂರಿನವರು. ಪ್ರತಿಯೊಬ್ಬರಿಗೂ ಎರಡು ಅವಕಾಶ. ಪಕ್ಕದಲ್ಲಿ ಒಬ್ಬರು ಕೂರಬಹುದು. ನಾನು ಕೂತೆ.

ರುದ್ರಣ್ಣ ಹೋದ ರಭಸಕ್ಕೆ ನನ್ನ ಟೋಪಿ ಹಿಂದಿನ ಸೀಟಿಗೆ ಬಿತ್ತು. ಕಪ್ಪು ಹೊಗೆ ಇಲ್ಲ, ಮಿಸ್ಸಿಂಗ್ ಇಲ್ಲ. ಎಂಟೂ ಸಿಲಿಂಡರು ಒಂದೇ ಉಸಿರಿನಲ್ಲಿ ಗುಡುಗುತ್ತಿದ್ದವು. ಕೊನೆಯ ತಿರುವು ದಾಟಿದೆವು, ಇನ್ನು ನೂರು ಗಜ ನೇರ ದಾರಿ. ಅಷ್ಟರಲ್ಲಿ ಮುಕ್ತಾಯದ ಗೆರೆಯ ಪಕ್ಕದಿಂದ ಬ್ಯಾಂಡು ಶುರುವಾಯಿತು. ನಮಗೆ ಹುರುಪು ಬರಲಿ ಎಂದು ಸಾಹುಕಾರರು ಯಾರಿಗೂ ಹೇಳದೆ ಕುಣಿಗಲ್ಲಿನಿಂದ ಬ್ಯಾಂಡ್ ಸೆಟ್ ಕರೆಸಿದ್ದರು. ಹತ್ತು ವರ್ಷ ಇದೇ ಕಾರಿನ ಮುಂದೆ ಬಾರಿಸಿದ ಅದೇ ಜನ.

ರುದ್ರಣ್ಣನ ಕಾಲು ತಾನಾಗಿಯೇ ಆಕ್ಸಿಲರೇಟರಿನಿಂದ ಮೇಲೆ ಬಂತು. ಗಾಡಿ ಫಸ್ಟ್ ಗೇರಿಗೆ ಇಳಿಯಿತು, ಅರ್ಧ ಕ್ಲಚ್ಚಿಗೆ ಬಂತು. ಆ ನೂರು ಗಜವನ್ನು ನಾವು ತಾಳಕ್ಕೆ ಸರಿಯಾಗಿ, ಗಂಭೀರವಾಗಿ, ನಡಿಗೆಯಲ್ಲಿ ದಾಟಿದೆವು. ಜನ ಸಿಳ್ಳೆ ಹಾಕಿದರು. ನಾನು ಕಿರುಚುತ್ತಲೇ ಇದ್ದೆ. ಎರಡು ನಿಮಿಷ ಹದಿನಾಲ್ಕು ಸೆಕೆಂಡು.

“ಏನ್ ಮಾಡ್ಲಿ ಮೇಸ್ತ್ರಿ, ಬ್ಯಾಂಡ್ ಮುಂದಿದ್ರೆ ಕಾಲು ಮುಂದುಕ್ ಹೋಗಲ್ಲ” ಎಂದ. ಕಣ್ಣಲ್ಲಿ ನೀರು ತುಂಬಿತ್ತು. ಬೈಯುವುದು ಬಿಟ್ಟು ಗಾಡಿಯಿಂದ ಇಳಿದೆ.

ಬ್ಯಾಂಡ್ ಮಾಸ್ಟರ್ ಹತ್ತಿರ ಹೋಗಿ ನಿಲ್ಲಿಸಿ ಎಂದೆ. ಸಾಹುಕಾರರು ಹೇಳದೆ ನಿಲ್ಲಿಸುವುದಿಲ್ಲ ಎಂದ. ಸಾಹುಕಾರರನ್ನು ಕೇಳಿದೆ. ಶುಭಕಾರ್ಯಕ್ಕೆ ಕರೆಸಿದವರನ್ನು ಅರ್ಧಕ್ಕೆ ನಿಲ್ಲಿಸಬಾರದು ಎಂದರು. ಸರಿ, ಕೈ ಒರೆಸುವ ವೇಸ್ಟ್ ಹತ್ತಿಯನ್ನು ಉಂಡೆ ಮಾಡಿ ರುದ್ರಣ್ಣನ ಎರಡೂ ಕಿವಿಗೆ ತುರುಕಿದೆ. ಇಂಜಿನ್ ಸದ್ದೂ ಕೇಳಿಸುವುದಿಲ್ಲವಾದ್ದರಿಂದ, ಗೇರ್ ಬದಲಾಯಿಸಬೇಕಾದಾಗ ಭುಜ ತಟ್ಟುತ್ತೇನೆ ಎಂದು ಕೈಸನ್ನೆಯಲ್ಲಿ ಹೇಳಿದೆ.

ಎರಡನೇ ಸುತ್ತು ಇನ್ನೂ ಚೆನ್ನಾಗಿ ಹೋಯಿತು. ಭುಜ ತಟ್ಟಿದೆ, ಗೇರ್ ಬಿತ್ತು, ತಟ್ಟಿದೆ, ಬಿತ್ತು. ಕೊನೆಯ ತಿರುವು ಬಂತು. ಕಿವಿ ಮುಚ್ಚಿದ್ದೆ, ಕಣ್ಣು ಮುಚ್ಚಿರಲಿಲ್ಲವಲ್ಲ. ಎದುರಿಗೆ ಕೆಂಪು ಕೋಟುಗಳು, ಕೆನ್ನೆ ಉಬ್ಬಿಸಿ ಊದುತ್ತಿರುವ ಕ್ಲಾರಿಯೋನೆಟ್ಟಿನವನು. ರುದ್ರಣ್ಣನ ಕಾಲು ಮೇಲಕ್ಕೆ ಬರತೊಡಗಿತು. ಅವನ ಬಲಗಾಲು ನನ್ನ ಪಕ್ಕದಲ್ಲೇ ಇತ್ತು. ನಾನು ಬಗ್ಗಿ, ಎರಡೂ ಕೈಯಲ್ಲಿ ಅವನ ಮಂಡಿಯನ್ನು ಮೈಭಾರವೆಲ್ಲ ಹಾಕಿ ಅದುಮಿದೆ.

ಕಾರು ಹಾರಿತು. ಬ್ಯಾಂಡಿನವರು ದಿಕ್ಕಾಪಾಲಾದರು. ಗೆರೆ ದಾಟಿದ ಮೇಲೆ ಕೈ ಬಿಟ್ಟೆ, ರುದ್ರಣ್ಣ ಬ್ರೇಕ್ ಒತ್ತಿ ಕೋನಿಗೆ ಒಂದು ಗೇಣು ದೂರದಲ್ಲಿ ನಿಲ್ಲಿಸಿದ. ಎಂಬತ್ತಾರು ಸೆಕೆಂಡು, ಒಂದು ಕೋನೂ ಬಿದ್ದಿರಲಿಲ್ಲ. ನಾನು ಇಳಿದು ಅವನನ್ನು ಅಪ್ಪಿಕೊಂಡೆ. ನನ್ನ ಜೀವಮಾನದಲ್ಲಿ ಅಂಥ ಸಂತೋಷ ಕಡಿಮೆ.

ಸ್ಟೀವರ್ಡ್ ಬಂದು ರುದ್ರಣ್ಣನ ಕೈ ಕುಲುಕಿ, ಕೊನೆಯಲ್ಲಿ ಅಷ್ಟು ಚೆನ್ನಾಗಿ ಹೇಗೆ ಎಳೆದಿರಿ ಎಂದು ಕೇಳಿದರು. ಆ ಪುಣ್ಯಾತ್ಮ ಕಿವಿಯ ಹತ್ತಿ ತೆಗೆದು, ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿಸಿಕೊಂಡು, ಕೈಮುಗಿದು ಹೇಳಿದ: “ಅದು ನಾನಲ್ಲ ಸ್ವಾಮಿ. ಮೇಸ್ತ್ರಿ ನನ್ ಮಂಡಿ ಒತ್ತಿದ್ರು.” ಹೇಗೆ ಒತ್ತಿದರು ಎಂದು ಮಾಡಿಯೂ ತೋರಿಸಿದ.

ಸ್ಟೀವರ್ಡ್ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ, ಒಂದು ಗಾಡಿಯನ್ನು ಒಬ್ಬರೇ ಓಡಿಸಬೇಕೆಂಬುದು ನಿಯಮ ಎಂದು ನಮ್ಮ ಹೆಸರಿನ ಮೇಲೆ ಗೀಟು ಎಳೆದರು. ಕಪ್ ವಾಪಸ್ ಪೆಟ್ಟಿಗೆಗೆ ಹೋಯಿತು.

ಶಿವಲಿಂಗಪ್ಪನವರು “ನಾಳೆ ಇಂಜಿನ್ ಇಳಿಸು” ಎಂದು ಬಸ್ ಸ್ಟ್ಯಾಂಡಿನ ಕಡೆ ಹೊರಟರು.

ಆಗ ನನ್ನ ಸಿಟ್ಟು ನೆತ್ತಿಗೇರಿತು. ಹೋಗಿ ದಾರಿಗೆ ಅಡ್ಡ ನಿಂತೆ. “ಇಳಿಸ್ತೀನಿ ಸಾಹುಕಾರ್ರೆ. ಆದ್ರೆ ಇವತ್ತೊಂದಿನ ನೀವು ಬಸ್ಸಲ್ಲಿ ಹೋಗಂಗಿಲ್ಲ. ಇದ್ರಲ್ಲೇ ಗುಬ್ಬಿಗೆ ಬಿಡ್ತೀನಿ, ಕೂತ್ಕೊಳ್ಳಿ” ಎಂದು ಬಾಗಿಲು ತೆಗೆದೆ. ಜನ ನೋಡುತ್ತಿದ್ದರು. ಅವರು ಪಂಚೆ ಎತ್ತಿಕಟ್ಟಿಕೊಂಡು ಕೂತರು. ಮರಳಿನ ಮೂಟೆ ಇಳಿಸಿ, ಟೈರಿಗೆ ಗಾಳಿ ತುಂಬಿ, ನಾನೇ ಸ್ಟೀರಿಂಗ್ ಹಿಡಿದೆ. ರುದ್ರಣ್ಣ ಹಿಂದೆ ಕೂತ.

ತುಮಕೂರಿನಿಂದ ಗುಬ್ಬಿಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಊರು ದಾಟಿ ರಸ್ತೆ ಖಾಲಿಯಾದ ಮೇಲೆ ನಾನು ಮೂರನೇ ಗೇರಿಗೆ ಹಾಕಿ ಕಾಲು ಊರಿದೆ. ಸಾಹುಕಾರರ ಬೆನ್ನು ಸೀಟಿಗೆ ಅಂಟಿಕೊಂಡಿತು. ಎರಡೂ ಕೈಯಲ್ಲಿ ಮುಂದಿನ ಡ್ಯಾಶ್‌ಬೋರ್ಡ್ ಹಿಡಿದುಕೊಂಡರು.   ಇಂಜಿನ್ನಿನ ಕೊನೆಯ ಓಟ ಎಂದು ಒಳಗೇ ಸಂಕಟಪಡುತ್ತ ಓಡಿಸಿದೆ.

ಅವರ ಮನೆ ಮುಂದೆ ನಿಲ್ಲಿಸಿದೆ. ನಾನು ಇಳಿದು ಸೀಟು ಮಡಚಿದ ಮೇಲೆ ರುದ್ರಣ್ಣ ಇಳಿದು ಬಂದು ಅವರ ಕಡೆಯ ಬಾಗಿಲು ತೆಗೆದ. ಸಾಹುಕಾರರು ಇಳಿಯಲಿಲ್ಲ. ತಲೆಗೂದಲು ಚದುರಿತ್ತು, ಮುಖವೆಲ್ಲ ಕೆಂಪೇರಿತ್ತು. ಮುಂದಿನ ಗಾಜನ್ನೇ ನೋಡುತ್ತ ಕೇಳಿದರು: “ಡೀಸೆಲ್ ಹಾಕಿದ್ರೆ ಹಿಂಗ್ ಹೋಗ್ತದಾ?”

“ಇಲ್ಲ.”

“ಬುಡು ಹಂಗಾದ್ರೆ. ಲೋ ರುದ್ರ, ಒಳಗ್ ಹೋಗಿ ಅಮ್ಮಾವ್ರನ್ನ ಕರಿ. ತುಮಕೂರ್ಗಂಟ ಹೋಗ್ಬಿಟ್ ಬರಾಣ.”

ಡೀಸೆಲ್ ಇಂಜಿನ್ನು ಆಮೇಲೆ ಸಿ.ಎಸ್. ಪುರದ ಒಂದು ಹಿಟ್ಟಿನ ಗಿರಣಿಗೆ ಹೋಯಿತು. ನಾನು ಆ ಸಂಜೆ ಗುಬ್ಬಿಯಿಂದ ಬಸ್ಸಿನಲ್ಲಿ ಬಂದೆ, ಯಾಕೆಂದರೆ ಕಾರಿನಲ್ಲಿ ನನಗೆ ಜಾಗ ಕೊಡಲಿಲ್ಲ. ಅದಾದ ಮೇಲೆ ಇಪ್ಪತ್ತೈದು ವರ್ಷ ಗ್ಯಾರೇಜು ನಡೆಸಿದೆ. ಇಂಜಿನ್ ಚೆನ್ನಾಗಿದೆಯೋ ಇಲ್ಲವೋ ಎಂದು ಯಾವ ಗಿರಾಕಿಯ ಜೊತೆಗೂ ವಾದಕ್ಕೆ ನಿಲ್ಲಲಿಲ್ಲ. ಕೀಲಿ ಕೈ ತೆಗೆದುಕೊಂಡು, “ಬನ್ನಿ, ಕೂತ್ಕೊಳ್ಳಿ” ಎನ್ನುತ್ತಿದ್ದೆ.