ರುಚಿ ನೋಡದ ಸೌತೆಕಾಯಿ

ನಮ್ಮ ಕಡೆ ಸೌತೆಕಾಯಿ ಹೆಚ್ಚುವವರು ಮೊದಲು ತೊಟ್ಟಿನ ತುದಿ ಕೊಯ್ದು ನಾಲಿಗೆಗೆ ತಾಗಿಸಿ ನೋಡುತ್ತಾರೆ. ಕಹಿ ಇದ್ದರೆ ಬಿಸಾಡಬೇಕು. ಇಲ್ಲವಾದರೆ ಒಂದೇ ಕಾಯಿ ಪಾತ್ರೆ ತುಂಬಿದ ಹುಳಿಯನ್ನು ಕೆಡಿಸಿಬಿಡುತ್ತದೆ. ಇದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ, ಸಣ್ಣ ಹುಡುಗಿಯರಿಗೂ ಗೊತ್ತಿರುವ ಕೆಲಸ. ಅಷ್ಟನ್ನು ನಾನು ಒಂದು ದಿನ ಮಾಡದೆ ಬಿಟ್ಟೆ.

ಅದು ಯುದ್ಧದ ಕಾಲ. ನಾನು ಮದುವೆಯಾಗಿ ಕೋಟದ ಹತ್ತಿರದ ಆ ಮನೆಗೆ ಬಂದ ಎರಡನೆಯ ಮಳೆಗಾಲ. ಗಂಡ ಬೊಂಬಾಯಿಯ ಹೋಟೆಲಿನಲ್ಲಿದ್ದರು, ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಬೆಳೆದ ಭತ್ತವನ್ನು ಸರ್ಕಾರಕ್ಕೆ ಅಳೆದು ಕೊಟ್ಟ ಮೇಲೆ ಉಳಿದದ್ದು ನಮ್ಮ ಹೊಟ್ಟೆಗೇ ಸಾಲುತ್ತಿರಲಿಲ್ಲ. ಅದಕ್ಕೇ ಅತ್ತೆ ಕೊಯ್ಲಾದ ಗದ್ದೆಯಲ್ಲಿ ಸೌತೆ ಬಳ್ಳಿ ಹಾಕುತ್ತಿದ್ದರು. ಬೇಸಗೆಯಿಡೀ ಕೆರೆಯಿಂದ ಕೊಡದಲ್ಲಿ ನೀರು ಹೊತ್ತು ನನ್ನ ಸೊಂಟ ಬಿದ್ದುಹೋಗುತ್ತಿತ್ತು. ಬಲಿತ ಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ತೂಗುಹಾಕಿದರೆ ಮಳೆಗಾಲ ಮುಗಿಯುವವರೆಗೂ ಕೆಡುವುದಿಲ್ಲ.

ಆದರೆ ಕೊಳ್ಳುವವರು ಯಾರು? ಆ ಮಳೆಯಲ್ಲಿ ಹೊಳೆ ದಾಟಿ ಕುಂದಾಪುರದ ಸಂತೆಗೆ ಹೊತ್ತುಕೊಂಡು ಹೋಗುವುದು ಇಬ್ಬರು ಹೆಂಗಸರಿಂದ ಆಗುವ ಮಾತಲ್ಲ. ಆ ವರ್ಷ ಊರ ಶಾಲೆಯ ಮಾಷ್ಟ್ರು ತಾವಾಗಿಯೇ ನಮ್ಮ ಮನೆಗೆ ಬಂದರು. ಮಕ್ಕಳು ಬರಿಹೊಟ್ಟೆಯಲ್ಲಿ ಬಂದು ತರಗತಿಯಲ್ಲಿ ತಲೆತಿರುಗಿ ಬೀಳುತ್ತಿದ್ದರಂತೆ. ಉಳ್ಳವರ ಮನೆ ಮನೆ ಅಲೆದು, ಅವರು ಕೊಟ್ಟದ್ದರಲ್ಲಿ ಮಧ್ಯಾಹ್ನದ ಗಂಜಿ ಶುರುಮಾಡಿದ್ದರು.

"ವಾರಕ್ಕೆ ಎರಡ್ ದಿನ ಸೌತೆಕಾಯಿ ಕೊಡೂಕ್ ಆತ್ತಾ ಅಮ್ಮಾ? ಹೊಸ ಅಕ್ಕಿ ಬಪ್ಪಲ್ಲಿವರಿಗೆ" ಎಂದು ಕೇಳಿದರು.

"ಆತ್ತ್ ಮಾಷ್ಟ್ರೇ. ಮಕ್ಳಿಗೆ ಬಡ್ಸೂದಂದ್ರೆ ದೇವ್ರಿಗೆ ಇಟ್ಟಾಂಗೆ" ಎಂದರು ಅತ್ತೆ. ಒಟ್ಟಾದ ದುಡ್ಡಿನಲ್ಲಿ ಮಾಷ್ಟ್ರು ಕಾಯಿಗೆ ಇಷ್ಟೆಂದು ಕಾಸು ಕೊಡುತ್ತಿದ್ದರು. ಆ ಮಳೆಗಾಲಕ್ಕೆ ನಮ್ಮ ಉಪ್ಪು, ಚಿಮಣಿ ಎಣ್ಣೆಯ ದಾರಿ ಅದೊಂದೇ ಆಯಿತು.

ಸೋಮವಾರ, ಗುರುವಾರ ಬುಟ್ಟಿ ಹೊತ್ತು ನಾನು ಹೋಗುತ್ತಿದ್ದೆ. ಅಲ್ಲಿ ಅಡುಗೆಗೆ ಒಬ್ಬ ಮುದುಕಿ ಇದ್ದಳು. ಆಸಾಡಿ ತಿಂಗಳ ಒಂದು ಗುರುವಾರ ಅವಳಿಗೆ ಜ್ವರ ಬಂತು. "ಇವತ್ತೊಂದಿನ ನೀನೇ ಮಾಡಿ ಬಡ್ಸ್ ಮಗಾ" ಎಂದರು ಮಾಷ್ಟ್ರು. ಮೆಟ್ಟುಗತ್ತಿಯ ಮಣೆಯ ಮೇಲೆ ಕೂತು ತುದಿ ಕೊಯ್ದೆ. ನಾಲಿಗೆಗೆ ಒಯ್ಯುವಷ್ಟರಲ್ಲಿ ಅತ್ತೆಯ ಮಾತು ನೆನಪಾಯಿತು. ದೇವರಿಗೆ ಇಡುವುದನ್ನು ಯಾರಾದರೂ ಮೊದಲೇ ಬಾಯಿಗಿಡುತ್ತಾರೆಯೇ? ಎಂಜಲಾಗುವುದಿಲ್ಲವೇ? ತುದಿ ಎಸೆದು ಎಲ್ಲವನ್ನೂ ಹೆಚ್ಚಿದೆ. ಕುದಿಯುವ ಹುಳಿಯನ್ನೂ ರುಚಿ ನೋಡಲಿಲ್ಲ. ಭಕ್ತಿಯಂತೆ ಭಕ್ತಿ, ನನ್ನ ಕರ್ಮ!

ಮಕ್ಕಳು ತಲೆತಗ್ಗಿಸಿ ಉಂಡರು. ದಿನಾ ಇರುವ ಗಲಾಟೆ ಆ ದಿನ ಇರಲಿಲ್ಲ. ನನ್ನ ಕೈರುಚಿಗೆ ಮಾತೇ ಹೊರಡುತ್ತಿಲ್ಲ ಎಂದು ಒಳಗೊಳಗೇ ಬೀಗಿದೆ. ಎಲ್ಲರೂ ಎದ್ದ ಮೇಲೆ ತಳದ ಹುಳಿಯನ್ನು ನನ್ನ ಗಂಜಿಗೆ ಸುರಿದುಕೊಂಡು ಬಾಯಿಗಿಟ್ಟೆ. ಥೂ! ಬೇವಾದರೂ ವಾಸಿ. ಗಂಟಲಲ್ಲಿ ಇಳಿಯಲೇ ಇಲ್ಲ.

ಬಟ್ಟಲು ತೊಳೆಯುತ್ತಿದ್ದ ಒಬ್ಬ ಹುಡುಗಿಯನ್ನು ಕರೆದೆ.

"ಹ್ವಾಯ್ ಹೆಣ್ಣೇ, ಹುಳಿ ಕಹಿ ಇರ್ಲಿಲ್ಯಾ?"

"ಇದ್ದಿತ್."

"ಮತ್ತೆ ಎಂತಕ್ ಉಂಡ್ರಿ? ಒಬ್ರಾರೂ ಹೇಳುಕಾಗ್ದಾ?"

"ನೀವ್ ಒಳ್ಗಿಪ್ಪತ್ತಿಗೆ ಮಾಷ್ಟ್ರು ಸುಮ್ನೆ ಉಣ್ಣಿ ಅಂದ್ರ್. ಹೇಳ್ರೆ ನೀವ್ ಬಪ್ಪುದ್ ನಿಲ್ಸ್ತ್ರಿ ಅಂಬ್ರ್."

ಹಸಿವು ರುಚಿ ಅರಿಯದು ಎಂದು ಗಾದೆ ಇದೆ. ಸುಳ್ಳು! ಆ ಮಕ್ಕಳಿಗೆ ರುಚಿ ಚೆನ್ನಾಗಿಯೇ ಗೊತ್ತಾಗಿತ್ತು. ಗೊತ್ತಾಗಿಯೂ ನುಂಗಿದ್ದರು.

ಮನೆಗೆ ಬಂದು ಜಂತಿಯ ಕಡೆ ನೋಡಿದೆ. ಒಂದು ಕಾಯಿ ಕಹಿಯಾದರೆ ಆ ಬಳ್ಳಿಯ ಕಾಯಿಗಳೆಲ್ಲ ಕಹಿ. ತೂಗುತ್ತಿದ್ದವುಗಳಲ್ಲಿ ಅವು ಯಾವುವೋ ದೇವರೇ ಬಲ್ಲ. ವಿಷಯ ಹೊರಬಿದ್ದರೆ ಶಾಲೆಯವರು ಬೇರೆ ಕಡೆ ನೋಡಿಕೊಂಡಾರು, ಆಮೇಲೆ ನಮ್ಮ ಗತಿಯೇನು? ಮುಚ್ಚಿಡೋಣವೆನಿಸಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಬಹಳ ಹೊತ್ತು ಹಾಗೇ ಅನಿಸಿತು. ದೀಪ ಹಚ್ಚುವಾಗ ತಡೆಯಲಾರದೆ ಅತ್ತೆಗೆ ಎಲ್ಲ ಹೇಳಿದೆ.

"ಎಂಜಲಂಬ್ರ್, ಎಂಜಲು!" ಅತ್ತೆ ಹಣೆ ಚಚ್ಚಿಕೊಂಡರು. "ಮಗುಗೆ ಉಣ್ಸುವತ್ತಿಗೆ ಅಬ್ಬೆ ಬಿಸಿ ಇತ್ತಾ ಅಂದ್ ತುಟಿಗೆ ತಾಗ್ಸಿ ಕಾಣುದಿಲ್ಯಾ? ಅದೂ ಎಂಜಲಾ ಹೆಣ್ಣೇ?"

ಸೋಮವಾರ ಅವರೇ ನನ್ನ ಜೊತೆ ಹೊರಟರು. ಶಾಲೆಯ ಜಗಲಿಯಲ್ಲಿ ಬುಟ್ಟಿ ಇಳಿಸಿ ನೇರ ಮಾಷ್ಟ್ರ ಎದುರು ನಿಂತರು.

"ನಮ್ ಕಾಯಿ ಕಹಿ ಇದ್ದಿತ್ ಮಾಷ್ಟ್ರೇ. ತಪ್ಪ್ ನಮ್ದ್. ಇನ್ ಬ್ಯಾಡ ಅಂದ್ರೆ ಬ್ಯಾಡ. ಆರೆ ಮಕ್ಳ ಹತ್ರ ಕಹಿ ಉಣ್ಣಿ ಅಂದ್ ಮಾತ್ರ ಹೇಳ್ಬೇಡಿ."

ಮಾಷ್ಟ್ರು ತಲೆ ಎತ್ತಲಿಲ್ಲ. "ನಾನೂ ಅದನ್ನೇ ಉಂಡೆ ಅಮ್ಮಾ. ನೀವ್ ಬೇಜಾರ್ ಮಾಡ್ಕಂಡ್ ನಿಲ್ಸಿರೆ ನಾನ್ ಬೇರೆ ಯಾರತ್ರ ಹೋಯಿ ಕೇಣ್ಲಿ?" ಎಂದರು.

ನಾವು ಅವರಿಗೆ ಹೆದರಿದ್ದೆವು, ಅವರು ನಮಗೆ ಹೆದರಿದ್ದರು. ನಡುವೆ ಮಕ್ಕಳು ಕಹಿ ನುಂಗಿದ್ದರು. ನನಗೆ ನನ್ನ ಮೇಲೇ ಎಷ್ಟು ಸಿಟ್ಟು ಬಂತೆಂದರೆ ಕಣ್ಣಲ್ಲಿ ನೀರು ಬಂತು.

ಅತ್ತೆ ಮಕ್ಕಳ ಎದುರೇ ಕೂತು ಒಂದೊಂದು ಕಾಯಿಯ ತುದಿ ಕೊಯ್ದು ನಾಲಿಗೆಗೆ ತಾಗಿಸಿ ನೋಡಿದರು. ಎರಡು ಕಹಿ ಸಿಕ್ಕವು, ಅಂಗಳಕ್ಕೆ ಎಸೆದರು. ಮೊನ್ನೆಯ ಆ ಹುಡುಗಿ ಓಡಿಹೋಗಿ ಒಂದನ್ನು ಎತ್ತಿಕೊಂಡು, ಕೆಸರು ಒರೆಸಿಕೊಂಡು ಬಂದಳು.

"ಇದನ್ ನಾನ್ ಮನೆಗೆ ತಕಂಡ್ ಹೋಪುದಾ?" ಎಂದು ಕೇಳಿದಳು.

ಅತ್ತೆ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಒಳ್ಳೆಯದೊಂದನ್ನು ಕೊಟ್ಟರು. ಹುಡುಗಿ ಅದರ ಕೊಯ್ದ ತುದಿಯನ್ನು ಒಮ್ಮೆ ನೆಕ್ಕಿ ನೋಡಿದಳು. ಆಮೇಲೆ ಲಂಗದಲ್ಲಿ ಸುತ್ತಿಕೊಂಡಳು, ಗಂಜಿ ಬೆಂದಾಗ ಹಾಗೆಯೇ ಉಣ್ಣಲು ಕೂತಳು.