ಹತ್ತಕ್ಕೆ ಎರಡು

ಬಾಚಣಿಗೆ ತುಂಬ ಕೂದಲು ಬರತೊಡಗಿದಾಗ ನಾನು ಹೈದರಾಬಾದಿನ ಬೋರ್ ನೀರನ್ನು ಬೈದೆ. ಅಮೀರ್‌ಪೇಟ್‌ನ ಹಾಸ್ಟೆಲ್‌ನಲ್ಲಿ ಎಲ್ಲರೂ ಬೈಯುವುದು ಅದನ್ನೇ. ಮುಟ್ಟು ನಿಂತಿತು. ಹೊಸ ಸಾಫ್ಟ್‌ವೇರ್ ನೌಕರಿಯ ಟೆನ್ಷನ್ ಎಂದುಕೊಂಡೆ. ಮಧ್ಯಾಹ್ನದ ಊಟ ಬಿಟ್ಟು ಎಷ್ಟೋ ತಿಂಗಳಾಗಿತ್ತು, ರಾತ್ರಿಯದು ಅರ್ಧ ಚಪಾತಿಗೆ ಇಳಿದಿತ್ತು. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಒಪ್ಪಲು ಮನಸ್ಸಿರಲಿಲ್ಲ. ಆಫೀಸಿನ ಗೆಳತಿಯರು ಸ್ಲಿಮ್ ಆಗಿದ್ದೀಯ ಎಂದು ಹೊಗಳುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ?

ನನ್ನನ್ನು ನೋಡಲು ರಾಯಚೂರಿನಿಂದ ಅವ್ವ ಬಂದಳು. ಅವಳ ಜೊತೆ ಸುಲ್ತಾನ್ ಬಜಾರಿನಲ್ಲಿ ಬ್ಲೌಸ್ ಪೀಸ್ ಆರಿಸುತ್ತಿದ್ದೆ.

ಬಟ್ಟೆಯ ರಾಶಿಯ ಮೇಲೆಯೇ ಕುಸಿದೆ.

ಆಸ್ಪತ್ರೆಯಲ್ಲಿ ಇಸಿಜಿ, ರಕ್ತ ಪರೀಕ್ಷೆ, ಡ್ರಿಪ್. ಪೊಟ್ಯಾಶಿಯಂ ಕಡಿಮೆ ಇತ್ತು. ಫಿಸಿಷಿಯನ್ ಎಲ್ಲ ನೋಡಿ, ಇದು ಅನೊರೆಕ್ಸಿಯಾ, ದಪ್ಪಗಾಗುವ ಭಯಕ್ಕೆ ಊಟ ಬಿಡಿಸುವ ಮನಸ್ಸಿನ ಕಾಯಿಲೆ, ಸೈಕಿಯಾಟ್ರಿಸ್ಟ್ ಹತ್ತಿರ ಹೋಗಿ ಎಂದರು.

ಅವ್ವ ಸಿಟ್ಟಾದಳು. "ನನ್ನ ಮಗಳಿಗೇನು ಹುಚ್ಚು ಹಿಡದೈತೇನ್ರಿ? ನಾಲ್ಕು ದಿನ ನನ್ನ ಕೈಯಾಗಿನ ರೊಟ್ಟಿ ತಿಂದ್ರ ಗುಂಡುಕಲ್ಲಿನಂಗ ಆಗ್ತಾಳ."

ಆದರೂ ಹೋದೆವು. ಸೈಕಿಯಾಟ್ರಿಸ್ಟ್ ತೆಲುಗಿನವರು, ಹುಬ್ಬಳ್ಳಿಯಲ್ಲಿ ಓದಿದವರು. ನಮ್ಮ ಮಾತನ್ನೇ ಆಡಿದರು. "ಬದಲಾಗಾಕ ಎಷ್ಟು ತಯಾರಿದ್ದೀ? ಸೊನ್ನೆಯಿಂದ ಹತ್ತರೊಳಗ ಒಂದು ನಂಬರ್ ಹೇಳು."

ಅಯ್ಯೋ, ಇದು ನನಗೆ ಬಾಯಿಪಾಠವಾಗಿದ್ದ ಪ್ರಶ್ನೆ! ಅಮೀರ್‌ಪೇಟ್‌ನ ಕೋಚಿಂಗ್ ಸರ್ ನಮ್ಮನ್ನು ಇಂಟರ್‌ವ್ಯೂಗೆ ತಯಾರು ಮಾಡುವಾಗ ತಿದ್ದಿ ತೀಡಿದ್ದರು: ಜಾವಾದಲ್ಲಿ ನಿನಗೆ ನೀನೇ ಹತ್ತಕ್ಕೆ ಎಷ್ಟು ಕೊಡ್ತೀ ಎಂದು ಕೇಳಿದರೆ ಹತ್ತು ಎನ್ನಬೇಡಿ, ಸೊಕ್ಕು ಅಂದುಕೊಳ್ಳುತ್ತಾರೆ, ಆರು ಎನ್ನಬೇಡಿ, ಮನೆಗೆ ಕಳಿಸುತ್ತಾರೆ. ಎಂಟು ಎನ್ನಿ, ನಕ್ಕು ಎನ್ನಿ.

"ಎಂಟು," ಎಂದೆ, ನಕ್ಕು.

ಅವ್ವನ ಮುಖ ಅರಳಿತು. ದಿಲ್‌ಸುಖ್‌ನಗರದಲ್ಲಿ ಸಣ್ಣ ಮನೆ ಹಿಡಿದಳು. ಶುರುವಾಯಿತು ಬಡಿಸುವಿಕೆ. ನಮ್ಮ ಕಡೆ ಒತ್ತಾಯ ಮಾಡದೆ ಬಡಿಸಿದರೆ ಅದು ಊಟವೇ ಅಲ್ಲ. ಸಾಕೆಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ತುಪ್ಪ ಬೀಳುತ್ತದೆ. ನಾನು ರೊಟ್ಟಿಯನ್ನು ದುಪಟ್ಟಾದಲ್ಲಿ ಬಚ್ಚಿಟ್ಟುಕೊಂಡು ಹೋಗಿ ಕಿಟಕಿಯಾಚೆ ಒಗೆಯುತ್ತಿದ್ದೆ. ಗುಣವಾಗುವುದು ನನಗೆ ಬೇಕಿರಲಿಲ್ಲ. ದಿನಕ್ಕೊಬ್ಬರು ಅಮೆರಿಕಕ್ಕೆ ಹಾರುವ ಆ ಆಫೀಸಿನಲ್ಲಿ ನಾನು ಎಲ್ಲರಿಗಿಂತ ಚೆನ್ನಾಗಿ ಮಾಡಬಲ್ಲ ಕೆಲಸ ಹಸಿದಿರುವುದೊಂದೇ ಎನಿಸುತ್ತಿತ್ತು. ಅದನ್ನೂ ಕಿತ್ತುಕೊಂಡರೆ ನನ್ನ ಹತ್ತಿರ ಏನು ಉಳಿಯುತ್ತದೆ?

ಮುಂದಿನ ಸಲ ಹೋದಾಗ ತೂಕ ಮತ್ತೂ ಇಳಿದಿತ್ತು.

"ಇನ್ನೂ ಇಳಿದ್ರ ಅಡ್ಮಿಟ್ ಮಾಡಬೇಕಾಗ್ತೈತಿ. ಹೃದಯಕ್ಕ ಧೋಕಾ ಐತಿ," ಎಂದರು ಡಾಕ್ಟರ್. ಬೈಯಲಿಲ್ಲ. "ಆವತ್ತು ಎಂಟು ಅಂದಿ. ಯಾಕ ಅಂದಿ?"

ಕೋಚಿಂಗ್ ಸರ್ ಕಥೆ ಹೇಳಿದೆ. ಅವರು ಜೋರಾಗಿ ನಕ್ಕರು. "ಇಲ್ಲಿ ನಾ ನೌಕರಿ ಕೊಡಂಗಿಲ್ಲವ್ವಾ. ಖರೇ ನಂಬರ್ ಹೇಳು."

"ಎರಡು."

"ಅಯ್ಯ ನಿನ್ನ! ಇಷ್ಟು ದಿನ ಮಾಡಿ ಹಾಕಿದ್ದು ಹೊಳ್ಯಾಗ ಹುಣಸಿಹಣ್ಣು ತೊಳದಂಗ ಆತಲ್ಲ!" ಎಂದಳು ಅವ್ವ.

ಡಾಕ್ಟರಿಗೆ ಮಾತ್ರ ಖುಷಿಯಾದಂತಿತ್ತು. "ಎರಡು ಐತಲ್ಲ! ಸೊನ್ನೆ ಯಾಕಲ್ಲ?"

ಇದಕ್ಕೆ ಯಾರೂ ನನಗೆ ಉತ್ತರ ಕಲಿಸಿರಲಿಲ್ಲ.

"ಬೆರಳು ಸದಾ ತಣ್ಣಗ ಇರ್ತಾವ್ರಿ," ಎಂದೆ ಕಡೆಗೆ. "ಎಸಿಯಾಗ ಟೈಪ್ ಮಾಡಾಕ ಆಗವಲ್ದು. ನಾ ಬರದ ಕೋಡ್ ನನಗ ತಿಳಿಯವಲ್ದು. ಗೆಳತ್ಯಾರು ಊಟಕ್ಕ ಕರಿಯೋದು ಬಿಟ್ಟಾರ." ಹೇಳುತ್ತ ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತೆ. ನನಗೆ ನನ್ನ ಕೆಲಸ ಬೇಕಾಗಿತ್ತು, ಅವರೆಲ್ಲ ಬೇಕಾಗಿದ್ದರು. ಅದು ನನಗೇ ಗೊತ್ತಿರಲಿಲ್ಲ.

ಎರಡು ಇದ್ದವಳಿಗೆ ಆಗುವಷ್ಟನ್ನೇ ಡಾಕ್ಟರ್ ಹೇಳಿದರು: ಮಧ್ಯಾಹ್ನ ಗೆಳತಿಯರ ಜೊತೆ ಕೂತು ಒಂದು ಲೋಟ ಹಾಲು. ಅವ್ವನಿಗೂ ಪಥ್ಯ ಹಾಕಿದರು. ಬಡಿಸುವಂತಿಲ್ಲ, ಒತ್ತಾಯ ಮಾಡುವಂತಿಲ್ಲ, ಜೊತೆಗೆ ಕೂತು ಉಣ್ಣಬೇಕು, ಅಷ್ಟೇ. ಪಾಪ, ಅವ್ವನ ಪಥ್ಯವೇ ಕಷ್ಟದ್ದು. ಕೈ ತಾನಾಗಿ ಸೌಟಿನ ಕಡೆ ಹೋಗುತ್ತಿತ್ತು, ಅದನ್ನು ಸೆರಗಿನಲ್ಲಿ ಸುತ್ತಿಟ್ಟುಕೊಳ್ಳುತ್ತಿದ್ದಳು.

ಹಾಲು ಕೆಲವು ದಿನ ಹೊಟ್ಟೆಗೆ ಹೋಯಿತು, ಕೆಲವು ದಿನ ಸಿಂಕಿಗೆ. ಸಿಂಕಿಗೆ ಹೋದದ್ದನ್ನೂ ಡಾಕ್ಟರಿಗೆ ಹೇಳಿದೆ. ತೂಕ ಇಳಿಯುವುದು ನಿಂತಿತು, ಆಮೇಲೆ ನಿಧಾನಕ್ಕೆ ಏರತೊಡಗಿತು. ಕನ್ನಡಿಯ ಭಯ ಇನ್ನೂ ಹೋಗಿಲ್ಲ.

ಹೋದ ಭಾನುವಾರ ಅವ್ವ ಪುಂಡಿಪಲ್ಯ ಮಾಡಿದ್ದಳು. ನನ್ನ ಪಾಲಿನ ರೊಟ್ಟಿ ಮುಗಿಯಿತು. ಆದರೂ ಹಸಿವು ಇತ್ತು. ಹೆದರಿಕೆಯಾಯಿತು.

"ಅವ್ವಾ, ಇನ್ನೊಂದು ರೊಟ್ಟಿ ಕೊಡು."

ಅವ್ವ ತಬ್ಬಿಬ್ಬಾದಳು. "ನಾ ಕೊಡಬಹುದೇನ? ಡಾಕ್ಟರು ಬೈಯಂಗಿಲ್ಲೇನು?"

ಕೊಟ್ಟಳು. ಅರ್ಧ ತಿಂದೆ. ಉಳಿದರ್ಧ ಆಗಲಿಲ್ಲ, ಅವಳ ತಟ್ಟೆಗೆ ಹಾಕಿದೆ. ತಿನ್ನು ಎನ್ನಲಿಲ್ಲ ಅವ್ವ. ಮುರಿದು, ಪಲ್ಯ ಹಚ್ಚಿಕೊಂಡು, ತಾನೇ ತಿಂದಳು.