ರೋಗಿಗೊಂದು ಹೊಸ ಬ್ಲೇಡು

ಹುಬ್ಬಳ್ಳಿಯ ಲ್ಯಾಬೊಂದರಲ್ಲಿ ಮಾಯಾಳ ಕೆಲಸವೆಂದರೆ, ಮೇಣದಲ್ಲಿ ಹುದುಗಿಸಿದ ಕ್ಯಾನ್ಸರ್ ಗಡ್ಡೆಯ ಚೂರನ್ನು ಕೂದಲಿಗಿಂತ ತೆಳ್ಳಗೆ ಕೊಯ್ದು ಜೀನ್ ಪರೀಕ್ಷೆಗೆ ಕಳಿಸುವುದು. ಒಬ್ಬರ ಚೂರಿನ ಧೂಳಿನಷ್ಟು ಕಣ ಇನ್ನೊಬ್ಬರದಕ್ಕೆ ಹತ್ತಿದರೂ ಸಾಕು, ಯಾರದೋ ಕ್ಯಾನ್ಸರಿಗೆ ಕೊಡುವ ಔಷಧ ಇನ್ಯಾರಿಗೋ ಹೋದೀತು. ಅದಕ್ಕೇ ಪ್ರತಿ ರೋಗಿಗೂ ಅವಳು ಬ್ಲೇಡು, ಗ್ಲೌಸು ಬದಲಿಸಿ, ಯಂತ್ರ ಒರೆಸುತ್ತಾಳೆ. ನಡುನಡುವೆ ಒಂದು ಖಾಲಿ ಮೇಣವನ್ನೂ ಕೊಯ್ದು ಕಳಿಸುತ್ತಾಳೆ; ಅದರಲ್ಲಿ ಯಾರ ಗುರುತೂ ಸಿಗಬಾರದು. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಸಿಕ್ಕಿಲ್ಲ ಎಂಬುದು ಅವಳ ಹೆಮ್ಮೆ.

ಮೊನ್ನೆ ಹೊಸದಾಗಿ ಬಂದ ದೊಡ್ಡ ಡಾಕ್ಟರು ಅವಸರದಲ್ಲಿ ಅವಳು ಕೊಯ್ಯುತ್ತಿದ್ದ ಚೂರಿನತ್ತ ಬರಿಗೈ ಚಾಚಿದರು.

"ಮುಟ್ಟಬ್ಯಾಡ್ರಿ ಸರ್!" ಮಾಯಾ ಗದರಿಯೇಬಿಟ್ಟಳು. ಅವರು ಬೆಚ್ಚಿ ಕೈ ಹಿಂದೆಳೆದುಕೊಂಡರು.

ಸಂಜೆ ಮನೆಯಲ್ಲಿ ಇದನ್ನು ಹೇಳಿದಾಗ, ಸೊಪ್ಪು ಸೋಸುತ್ತಿದ್ದ ತಾಯಿ ಸತ್ಯವ್ವನ ಕೈ ನಿಂತಿತು. ಚಿಕ್ಕಂದಿನಲ್ಲಿ ಊರ ಬಾವಿಯ ಹತ್ತಿರ ಆಕೆ ಅದೇ ಮಾತು ಕೇಳಿ ಕೇಳಿ ಬೆಳೆದವಳು. ಯಾರಾದರೂ ಮೇಲಿನಿಂದ ಕೊಡಕ್ಕೆ ನೀರು ಸುರಿಯುವವರೆಗೂ ದೂರ ನಿಲ್ಲಬೇಕಿತ್ತು.

"ಯಾಕ ಮುಟ್ಟಬಾರದು ಅಂತ ಅವರಿಗೆ ಹೇಳಿದಿಲ್ಲೋ?"

"ಹೇಳಿದ್ನಿ ಯವ್ವಾ. ಗ್ಲೌಸ್ ಹಾಕ್ಕೊಂಡು ಬಂದು ಮುಟ್ರಿ, ನನಗೂ ಅದ ನಿಯಮರೀ ಅಂದ್ನಿ."

"ಆಮ್ಯಾಲೆ?"

"ಹಾಕ್ಕೊಂಡು ಬಂದ್ರು. ಮುಟ್ಟಿದ್ರು."

ಸತ್ಯವ್ವ ನಕ್ಕು ಮತ್ತೆ ಸೊಪ್ಪಿಗೆ ಕೈ ಹಾಕಿದಳು. "ನಮಗ ಆ ಗ್ಲೌಸ್ ಎಲ್ಲಿ ಸಿಗತಾವ ಅಂತ ಯಾರೂ ಹೇಳಲೇ ಇಲ್ಲ ನೋಡು."